ಹೆಚ್ಚಾದ ಬಳೆ

ಸುರಪುರದ ಕಡೆ ಬಳೆ ಒಡೆಯಿತು ಎಂದು ಯಾರೂ ಅನ್ನುವುದಿಲ್ಲ. ಹೆಚ್ಚಾಯಿತು ಅನ್ನುತ್ತಾರೆ. ಮುತ್ತೈದೆಯ ಕೈಗೆ ಸಂಬಂಧಪಟ್ಟ ಮಾತು, ಕೆಟ್ಟದ್ದನ್ನು ನಾಲಿಗೆಯ ಮೇಲೆ ತಂದುಕೊಳ್ಳಬಾರದು. ಬಳೆಗಾರ್ತಿ ಮಸ್ತಾನಬಿ ಅರ್ಧ ಆಯುಷ್ಯ ಕಳೆಯುವ ತನಕ ಆ ಮಾತನ್ನು ಆಡುವ ಪ್ರಸಂಗವೇ ಅವಳಿಗೆ ಅಷ್ಟಾಗಿ ಬರಲಿಲ್ಲ.

ಅವಳ ಕೈ ಅಂಥದ್ದಾಗಿತ್ತು. ಎದುರಿಗೆ ಕೂತವಳ ಹಸ್ತವನ್ನು ತನ್ನ ಎಡಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣುಗಳನ್ನು ಒಂದು ಸಲ ಅಮುಕಿದಳೆಂದರೆ ಎಂಥ ಒರಟು ಕೈಯೂ ಮೆತ್ತಗಾಗುತ್ತಿತ್ತು. ಕಳೆ ಕಿತ್ತು, ಹತ್ತಿ ಬಿಡಿಸಿ ಗಡುಸಾದ ಕೈಗಳಿಗೆ ಅವಳು ಬಿಗಿಯಾದ ಗಾಜಿನ ಬಳೆಯನ್ನೇ ಇಳಿಸುತ್ತಿದ್ದಳು. ಸಡಿಲ ಬಳೆ ಇಟ್ಟರೆ ಕೆಲಸದಲ್ಲಿ ಬಡಿದು ಹೋಗುತ್ತದೆ ಎಂಬುದು ಅವಳ ಅತ್ತೆಯಿಂದ ಬಂದ ಪಾಠ. ಹೆಗಲಿಗೆ ಬಳೆಯ ಮಲಾರ ಹಾಕಿಕೊಂಡು ಅವಳು ದೇವಾಪುರದ ಓಣಿ ಹೊಕ್ಕು 'ಬಳೀ…' ಎಂದು ಒಮ್ಮೆ ಕೂಗಿದರೆ ಸಾಕು, ಎರಡನೆಯ ಕೂಗಿಗೆ ಯಾವುದಾದರೂ ಕಟ್ಟೆಯ ಮೇಲೆ ಚಾಪೆ ಬಿದ್ದಿರುತ್ತಿತ್ತು.

ಕಾಲುವೆಗೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಅವಳ ವ್ಯಾಪಾರಕ್ಕೆ ಜೀವ ಬಂತು. ಅದೇ ನೀರಿನ ಬೆನ್ನಿಗೆ ಉಬ್ಬಸದ ದಮ್ಮೂ ಬಂತು. ಸುಗ್ಗಿಯಲ್ಲಿ ಭತ್ತ ಕೊಯ್ಯುವ ಯಂತ್ರಗಳು ಎಬ್ಬಿಸುವ ಧೂಳು, ಆಮೇಲೆ ಗದ್ದೆಗದ್ದೆಗೆ ಹಚ್ಚುವ ಹುಲ್ಲಿನ ಬೆಂಕಿ, ಕಾಲುವೆಯ ದಂಡೆಗುಂಟ ಮುಂಜಾನೆಯವರೆಗೂ ಏಳದೆ ಮಲಗಿರುವ ಹೊಗೆ. ಮೊದಲ ವರ್ಷ ನೆಗಡಿ ಅಂದುಕೊಂಡಳು. ಎರಡನೆಯ ವರ್ಷ ಎದೆಯೊಳಗೆ ಸೀಟಿ ಊದಿದಂತೆ ಕೇಳತೊಡಗಿತು. ಮಗ ಫಕೀರಸಾಬ ತನ್ನ ಟಂಟಂ ಆಟೋದಲ್ಲಿ ಕೂರಿಸಿಕೊಂಡು ಶಹಾಪುರದ ಡಾಕ್ಟರರ ಹತ್ತಿರ ಒಯ್ದ. ಅವರು ಬಾಯಲ್ಲಿಟ್ಟು ಒತ್ತಿ ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟರು. ಕೆಂಪಗಿನದು ದಿನಾ ಎರಡು ಹೊತ್ತು, ನೀಲಿ ಬಣ್ಣದ್ದು ದಮ್ಮು ಹತ್ತಿದಾಗ ಮಾತ್ರ. ಹೊರಗೆ ಮಂದಿ ಬಹಳ ಇದ್ದರು. ಡಾಕ್ಟರರು ಇನ್ನೂ ಏನೋ ಹೇಳಿದರು, ಅದು ಇವಳ ಕಿವಿಗೆ ಬೀಳಲಿಲ್ಲ.

ಕೆಂಪು ಪಂಪು ಅವಳಿಗೆ ಮೊದಲಿನಿಂದಲೂ ಒಗ್ಗಲಿಲ್ಲ. ಎಳೆದುಕೊಂಡರೆ ಆ ಗಳಿಗೆಗೆ ಏನೂ ಆದಂತೆ ಅನಿಸುತ್ತಿರಲಿಲ್ಲ. ಆದದ್ದು ಬೇರೆ. ಕೆಲವು ವಾರಗಳಲ್ಲಿ ನಾಲಿಗೆಯ ಮೇಲೆ, ಗಲ್ಲದ ಒಳಮೈಗೆ ಮೊಸರು ಮೆತ್ತಿದ ಹಾಗೆ ಬೆಳ್ಳಗೆ ಕಟ್ಟಿತು. ಖಾರ ಮುಟ್ಟಿದರೆ ಕಣ್ಣಲ್ಲಿ ನೀರು. ಗಂಟಲು ಒಡೆದು, ಓಣಿಯಲ್ಲಿ ಕೂಗಿದರೆ ಬಳೆ ಎನ್ನುವ ಮಾತು ಅರ್ಧಕ್ಕೇ ಹೂತುಹೋಗುತ್ತಿತ್ತು. ಇದು ಔಷಧವಲ್ಲ, ವಿಷ ಎಂದು ತೀರ್ಮಾನಿಸಿ ಅವಳು ಅದನ್ನು ಗೂಡಿನಲ್ಲಿಟ್ಟು ಮರೆತಳು. ನೀಲಿಯದರ ರೀತಿಯೇ ಬೇರೆ. ಒತ್ತಿದ ಕೂಡಲೇ ಎದೆಯ ಬಾಗಿಲು ತೆರೆಯುತ್ತಿತ್ತು. ಅದನ್ನೇ ಕುಪ್ಪಸದೊಳಗಿಟ್ಟುಕೊಂಡು ತಿರುಗಿದಳು. ಮೊದಲು ದಮ್ಮು ಹತ್ತಿದಾಗ ಒತ್ತುತ್ತಿದ್ದಳು, ಆಮೇಲೆ ಹತ್ತಬಾರದೆಂದು ಒತ್ತತೊಡಗಿದಳು, ಕೊನೆಗೆ ಊರೊಳಗೆ ಕಾಲಿಡುವ ಮೊದಲು ಒಮ್ಮೆ, ಊರು ಬಿಡುವಾಗ ಒಮ್ಮೆ, ನಡುವೆ ಎಷ್ಟೆಂಬುದು ಅವಳಿಗೇ ಲೆಕ್ಕವಿರಲಿಲ್ಲ. ಔಷಧದಂಗಡಿಯವ ಕೇಳಿದಾಗೆಲ್ಲ ಒಂದು ಡಬ್ಬಿ ಕೊಡುತ್ತಿದ್ದ.

ನಡುಕವನ್ನು ಮೊದಲು ನೋಡಿದವಳು ಸೊಸೆ ಮಮ್ತಾಜ. ಚಹಾದ ಬಸಿ ಅತ್ತೆಯ ಕೈಯಲ್ಲಿ ಕಟಕಟ ಸದ್ದು ಮಾಡುತ್ತಿತ್ತು.

"ಹಾತಾಂ ಕಾಯ್ಕು ಕಾಂಪ್ರೇ ಅಮ್ಮಾ?" ಎಂದು ಕೇಳಿದಳು, ಕೈ ಯಾಕೆ ನಡುಗುತ್ತಿವೆ ಎಂದು.

ಮಸ್ತಾನಬಿ ಬಸಿಯನ್ನು ನೆಲಕ್ಕಿಟ್ಟಳು. ಚಳಿ ಅಂದಳು. ಅದು ಬೇಸಿಗೆ.

ಆ ದಿನದಿಂದ ಅವಳು ತನ್ನ ಕೈಯನ್ನು ಬೇರೆಯವರ ಕೈ ನೋಡಿದಂತೆ ನೋಡತೊಡಗಿದಳು. ಪಂಪು ಒತ್ತಿದ ಮೇಲೆ ಬೆರಳ ತುದಿಗಳಲ್ಲಿ ಸಣ್ಣ ಕಂಪನ, ಎದೆಯಲ್ಲಿ ಡವಡವ. ಸ್ವಲ್ಪ ಹೊತ್ತಿಗೆ ಕಡಿಮೆಯಾಗುವುದು, ಆದರೆ ಆ ಸ್ವಲ್ಪ ಹೊತ್ತು ಮುಗಿಯುವ ಮೊದಲೇ ಮತ್ತೆ ಒತ್ತುವ ಗಳಿಗೆ ಬಂದಿರುತ್ತಿತ್ತು. ಬಳೆ ತೊಡಿಸುವಾಗ ಮೊಣಕೈಯನ್ನು ತೊಡೆಗೆ ಒತ್ತಿಕೊಂಡು, ಉಸಿರು ಹಿಡಿದು ಇಳಿಸುವುದನ್ನು ರೂಢಿ ಮಾಡಿಕೊಂಡಳು. ಅಲ್ಲೊಂದು ಇಲ್ಲೊಂದು ಬಳೆ ಹೆಚ್ಚಾದಾಗ, ಈ ಸಲದ ಮಾಲೇ ಸರಿಯಿಲ್ಲ, ಗಾಜಿಗೆ ಕಸುವಿಲ್ಲ ಎಂದು ನಗಿಸಿ ಸಾಗಹಾಕಿದಳು.

ದೇವಾಪುರದ ಮೋನಮ್ಮನ ಮನೆಯಲ್ಲಿ ಹಾಗೆ ಸಾಗಹಾಕಲು ಆಗಲಿಲ್ಲ.

ಮೋನಮ್ಮನ ಮಗಳು ಭಾಗಮ್ಮನಿಗೆ ಚೊಚ್ಚಲ ಬಸಿರು, ಹಸಿರು ಬಳೆ ತೊಡಿಸುವ ಕುಬಸದ ಕಾರ್ಯ ಇಟ್ಟುಕೊಂಡಿದ್ದರು. ಮೋನಮ್ಮನ ಮದುವೆಗೂ ಇದೇ ಮನೆತನದ ಬಳೆ, ಭಾಗಮ್ಮನ ಮದುವೆಗೂ ಇದೇ ಕೈ. ಗಂಡನ ಕಡೆಯವರೆಲ್ಲ ಬಂದು ಪಡಸಾಲೆ ತುಂಬಿತ್ತು. ಒಳಗೆ ಊದುಬತ್ತಿ, ಒಲೆಯ ಹೊಗೆ, ಮಂದಿಯ ಬಿಸಿಯುಸಿರು. ಮಸ್ತಾನಬಿ ಹಿತ್ತಲಿಗೆ ಹೋಗಿ ಪಂಪು ಒತ್ತಿ ಬಂದಳು. ಎದೆ ಸಡಿಲಾಗಲಿಲ್ಲವೆಂದು ಮತ್ತೆ ಹೋಗಿ ಬಂದಳು. ಹಸಿರು ಬಳೆ ಮಡಿಲಲ್ಲಿಟ್ಟುಕೊಂಡು ಕೂತಾಗ ಎದೆ ಹಗುರಾಗಿತ್ತು, ಕೈ ಮಾತ್ರ ಅವಳ ಮಾತು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಭಾಗಮ್ಮನ ಕೈ ಬಸಿರಿನ ಬಾವಿನಿಂದ ದಪ್ಪಗಾಗಿತ್ತು. ಮೊದಲ ಬಳೆಗಳು ಇಳಿದವು. ಮುಂದಿನದು ಗೆಣ್ಣಿನ ಮೇಲೆ ಸಿಕ್ಕಿತು. ಅವಳು ಅಮುಕಿದಳು. ಬಳೆ ಎರಡು ತುಂಡಾಗಿ, ಅದರ ಚೂಪು ಕೆಳಗಿನ ಬಳೆಗೆ ತಾಗಿ ಅದೂ ಹೋಯಿತು. ಭಾಗಮ್ಮನ ಮಣಿಕಟ್ಟಿನ ಒಳಮೈಯಲ್ಲಿ ಗೆರೆ ಎಳೆದಂತೆ ರಕ್ತ ಮೂಡಿ ಹಸಿರು ಸೀರೆಯ ಮೇಲೆ ಬಿತ್ತು.

ಹಾಡುತ್ತಿದ್ದ ಹೆಂಗಸರು ಅರ್ಧ ಸಾಲಿಗೇ ಹಾಡು ನಿಲ್ಲಿಸಿದರು.

"ಹೆಚ್ಚಾದ್ವು ಯವ್ವಾ," ಎಂದಳು ಮಸ್ತಾನಬಿ. ಒಡೆದ ಗಂಟಲಿನಿಂದ ಬಂದ ಆ ಮಾತು ಅವಳ ಕಿವಿಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು. ಮೋನಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮಗಳ ಕೈಗೆ ಅರಿಶಿನ ಒತ್ತಿ, ಉಳಿದ ಬಳೆಗಳನ್ನು ತಾನೇ ಇಳಿಸಿದಳು, ಬಳೆಗಾರ್ತಿಯ ಕಡೆಗೆ ನೋಡಲೇ ಇಲ್ಲ. ಊಟಕ್ಕೆ ಕೂತಾಗ ಅವಳ ಎಡಬಲದಲ್ಲಿ ಜಾಗ ಖಾಲಿ ಉಳಿಯಿತು.

ಇಂಥದ್ದನ್ನೆಲ್ಲ ನಂಬಬಾರದು ಎಂದು ಮಸ್ತಾನಬಿಗೆ ಗೊತ್ತಿತ್ತು. ಹಣೆಯಲ್ಲಿ ಬರೆದದ್ದು ಗಾಜಿನ ಚೂರಿನಿಂದ ಬದಲಾಗುವುದಿಲ್ಲ ಎಂದು ತೀರಿಕೊಂಡ ಗಂಡ ಹೇಳುತ್ತಿದ್ದ. ಆದರೂ ಹೆಂಗಸರ ಕೈ ಹಿಡಿದು ಬದುಕಿದವಳಿಗೆ ಹೆಂಗಸರ ಭಯವೂ ಅಂಟದೆ ಇರುತ್ತದೆಯೇ? ದೇವಾಪುರದ ಕಡೆಯಿಂದ ಯಾರಾದರೂ ಬಂದರೆ ಅವಳು ಕೆಲಸ ಬಿಟ್ಟು ಅವರ ಮಾತಿಗೆ ಕಿವಿಗೊಡುತ್ತಿದ್ದಳು. ಭಾಗಮ್ಮನ ಕಾಲು ಬಾತಿವೆಯಂತೆ ಎಂದು ಒಬ್ಬರು, ಅವಳ ಗಂಡ ಟ್ರ್ಯಾಕ್ಟರ್ ಹೊರಳಿಸಿಕೊಂಡು ಸ್ವಲ್ಪದರಲ್ಲಿ ಉಳಿದನಂತೆ ಎಂದು ಇನ್ನೊಬ್ಬರು. ನಿಜವೋ ಸುಳ್ಳೋ, ಪ್ರತಿಯೊಂದು ಸುದ್ದಿಯೂ ತನ್ನ ಬೆರಳುಗಳಿಂದಲೇ ಹೊರಟು ಹೋದಂತೆ ಅವಳಿಗೆ ಅನಿಸುತ್ತಿತ್ತು. ಬೋನಾಳದಲ್ಲಿ ಒಂದು ಮದುವೆಗೆ ಕರೆದಿದ್ದವರು ಬರುವುದು ಬೇಡವೆಂದು ಹೇಳಿಕಳಿಸಿದರು. ಇನ್ನೊಂದು ಮನೆಯಲ್ಲಿ ಅತ್ತೆ ಬಾಗಿಲಲ್ಲೇ ನಿಂತು, ಸೊಸೆ ಊರಲ್ಲಿಲ್ಲ ಎಂದಳು. ಸೊಸೆ ಒಳಗೆ ಕೆಮ್ಮಿದ್ದು ಕೇಳಿಸಿತು.

ಇದಕ್ಕೆಲ್ಲ ನೀಲಿ ಪಂಪೇ ಮೂಲ ಎಂದು ಅವಳು ಒಂದು ದಿನ ಗಟ್ಟಿ ಮನಸ್ಸು ಮಾಡಿದಳು. ಅದನ್ನೂ ಕೆಂಪು ಪಂಪಿನ ಪಕ್ಕದಲ್ಲಿ ಗೂಡಿಗಿಟ್ಟಳು. ತುಳಸಿ, ಮೆಣಸು, ಜೇನು, ದರ್ಗಾದ ನೀರು, ಯಾರು ಏನು ಹೇಳಿದರೋ ಅದನ್ನೆಲ್ಲ ಕುಡಿದಳು. ಎರಡನೆಯ ದಿನಕ್ಕೆ ಕೈಯ ನಡುಕ ನಿಂತಿತು. ಬಸಿ ಸದ್ದು ಮಾಡಲಿಲ್ಲ. ಮಮ್ತಾಜಳ ಕೈಗೆ ಒಂದು ಡಜನ್ ಬಿಗಿ ಬಳೆ ಇಳಿಸಿ ನೋಡಿದಳು, ಒಂದೂ ಮಿಸುಕಲಿಲ್ಲ. ಎಷ್ಟೋ ದಿನಗಳ ಮೇಲೆ ನಕ್ಕಳು. ಆ ನಗು ಕೆಮ್ಮಾಗಿ, ಕೆಮ್ಮು ಉಬ್ಬಸವಾಗಿ, ಗೋಡೆಗೊರಗಿ ಕೂತು ಸುಧಾರಿಸಿಕೊಳ್ಳಬೇಕಾಯಿತು. ಮಮ್ತಾಜ ಗೂಡಿನತ್ತ ಓಡಿದಳು. ಅತ್ತೆ ಕೈ ಅಡ್ಡ ಹಿಡಿದು ಬೇಡವೆಂದಳು.

ಹೀಗೆ ಎದೆಯನ್ನು ಬಿಗಿಹಿಡಿದುಕೊಂಡೇ ಅವಳು ಕೆಲವು ದಿನ ತಳ್ಳಿದಳು. ಮೆಟ್ಟಿಲು ಹತ್ತುವುದನ್ನು ಬಿಟ್ಟಳು. ಮಾತು ಕಡಿಮೆ ಮಾಡಿದಳು. ಮಲಗಲು ಆಗದೆ ಕೂತೇ ನಿದ್ದೆ ತೆಗೆದಳು. ಕೈ ನಿಂತಿದೆಯಲ್ಲ, ಸಾಕು ಎನ್ನುವ ಒಂದೇ ಧೈರ್ಯ. ಆ ಧೈರ್ಯದ ಮೇಲೆಯೇ ಒಂದು ಮುಂಜಾನೆ ದೇವಾಪುರಕ್ಕೆ ಹೊರಟಳು. ಭಾಗಮ್ಮನನ್ನು ಕಣ್ಣಾರೆ ನೋಡಬೇಕು, ಹೆಚ್ಚಾದ ಬಳೆಗಳ ಜಾಗಕ್ಕೆ ಬೇರೆ ಇಟ್ಟು ಬರಬೇಕು. ಮಮ್ತಾಜ ಒಬ್ಬಳನ್ನೇ ಬಿಡಲಿಲ್ಲ, ಜೊತೆಗೆ ಹೊರಟಳು. ಅತ್ತೆಗೆ ಹೇಳದೆ ನೀಲಿ ಪಂಪನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಳು.

ಬಸ್ಸಿಳಿದು ಕಾಲುವೆಯ ದಂಡೆ ಹಿಡಿದರು. ಎರಡೂ ಬದಿಯ ಗದ್ದೆಗಳಲ್ಲಿ ಹಿಂದಿನ ಸಂಜೆ ಹಚ್ಚಿದ ಹುಲ್ಲು ಇನ್ನೂ ಒಳಗೊಳಗೇ ಉರಿಯುತ್ತಿತ್ತು. ಹೊಗೆ ನೆಲಬಿಟ್ಟು ಎದ್ದಿರಲಿಲ್ಲ. ನೀರಿನ ಮೇಲೆ ಬೂದಿ ತೇಲುತ್ತಿತ್ತು. ಮಸ್ತಾನಬಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಡೆದಳು. ಸ್ವಲ್ಪ ದೂರ ಹೋದ ಮೇಲೆ ಎದೆಯೊಳಗಿನ ಸೀಟಿ ನಿಂತಿತು. ಮಮ್ತಾಜ ಅದನ್ನು ಒಳ್ಳೆಯದೆಂದುಕೊಂಡಳು. ಮೋನಮ್ಮನ ಅಂಗಳ ತಲುಪಿದಾಗ ಮಸ್ತಾನಬಿಗೆ ಹೆಸರು ಹಿಡಿದು ಕರೆಯಲೂ ಉಸಿರಿರಲಿಲ್ಲ. ತುಟಿ ನೀಲಿಗಟ್ಟಿದ್ದವು. ಮಲಾರ ಹೆಗಲಿನಿಂದ ಜಾರಿ ಕಲ್ಲಿನ ಮೇಲೆ ಬಿದ್ದು, ಅಷ್ಟೂ ಬಳೆ ಒಂದೇ ಸಲಕ್ಕೆ ಹೋದವು. ಅವಳು ಅವುಗಳ ಪಕ್ಕಕ್ಕೇ ಕುಸಿದಳು.

ಮಮ್ತಾಜ ಸೆರಗಿನ ಗಂಟು ಬಿಚ್ಚಿ ಪಂಪನ್ನು ಅತ್ತೆಯ ಬಾಯಿಗಿಟ್ಟು ಒತ್ತಿದಳು. ಒಳಗೆಳೆದುಕೊಳ್ಳಲು ಅವಳಿಂದ ಆಗಲಿಲ್ಲ, ಔಷಧ ತುಟಿಯ ಸಂದಿಯಿಂದ ಆವಿಯಾಗಿ ಹೋಯಿತು. ಮತ್ತೆ ಒತ್ತಿದಳು, ಮತ್ತೆ. ಬಾಗಿಲಲ್ಲಿ ಭಾಗಮ್ಮ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು, ಮೋನಮ್ಮ ಅವಳ ಕಣ್ಣು ಮುಚ್ಚಿ ಒಳಗೆಳೆದುಕೊಂಡಳು. ಆಮೇಲಿನದು ಮಸ್ತಾನಬಿಗೆ ತುಂಡುತುಂಡಾಗಿ ನೆನಪು. ಯಾರದೋ ಜೀಪು, ಸೊಸೆಯ ತೊಡೆ, ಶಹಾಪುರದ ಆಸ್ಪತ್ರೆಯಲ್ಲಿ ಮುಖಕ್ಕೆ ಕಟ್ಟಿದ ಬಟ್ಟಲಿನಿಂದ ಬುಸುಗುಡುವ ತಣ್ಣನೆಯ ಹವೆ.

ಉಳಿದಳು. ಅಲ್ಲಿದ್ದ ಲೇಡಿ ಡಾಕ್ಟರು ಮನೆಯಿಂದ ಕೆಂಪು ಪಂಪನ್ನೂ ತರಿಸಿ, ಎರಡನ್ನೂ ಮಂಚದ ಮೇಲಿಟ್ಟುಕೊಂಡು ಮಾತಾಡಿದಳು. ಎದೆಯ ಸೀಟಿ ತಾನಾಗಿ ನಿಂತದ್ದು ಒಳ್ಳೆಯದಕ್ಕಲ್ಲ, ಗಾಳಿ ಹೋಗುವ ದಾರಿಯೇ ಮುಚ್ಚಿದ್ದಕ್ಕೆ ಎಂದಳು. ಕೆಂಪು ಪಂಪು ಬಿಟ್ಟದ್ದರಿಂದ ನೀಲಿಯದರ ಆಸರೆ ಬೇಕಾಯಿತು, ಅದು ಅತಿಯಾದದ್ದರಿಂದ ಕೈ ನಡುಗಿತು, ನಡುಕಕ್ಕೆ ಹೆದರಿ ಅದನ್ನೂ ಬಿಟ್ಟದ್ದರಿಂದ ಹೀಗಾಯಿತು. ಬಾಯಲ್ಲಿ ಬೆಳ್ಳಗೆ ಕಟ್ಟಿದ್ದಕ್ಕೂ ದಾರಿಯಿತ್ತು. ಕೆಂಪು ಪಂಪು ಎಳೆದುಕೊಂಡ ಮೇಲೆ ಪ್ರತಿ ಸಲ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಬೇಕು, ಪಂಪನ್ನು ಒಂದು ಉದ್ದನೆಯ ಪ್ಲಾಸ್ಟಿಕ್ ಡಬ್ಬಿಗೆ ಸಿಕ್ಕಿಸಿ ನಿಧಾನವಾಗಿ ಎಳೆಯಬೇಕು. ಮಸ್ತಾನಬಿ ಎಲ್ಲ ಕೇಳಿ, ಕೈ ನಿಲ್ಲುತ್ತಾವೇನ್ರೀ ಎಂದು ಮಾತ್ರ ಕೇಳಿದಳು. ನೀಲಿಯದು ಬೇಕಾಗುವುದು ಕಡಿಮೆಯಾದರೆ ನಡುಕವೂ ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದಳು. ಮುಂದಿನ ಸಲ ಇಷ್ಟು ತಡ ಮಾಡಿದರೆ ಆಸ್ಪತ್ರೆಯವರೆಗೆ ಜೀವ ತಾಳುತ್ತದೋ ಇಲ್ಲವೋ ಎಂಬುದನ್ನೂ ಹೇಳಿದಳು.

ಅವಳು ಹಾಗೆಯೇ ನಡೆದುಕೊಂಡಳು. ಒಂದು ತಂಬಿಗೆ ನೀರು ಹಾಸಿಗೆಯ ಪಕ್ಕ ಕಾಯಂ ಆಯಿತು. ತಿಂಗಳು ಕಳೆಯುವುದರೊಳಗೆ ನಾಲಿಗೆ ತಿಳಿಯಾಯಿತು, ಬೆರಳು ಅಷ್ಟಷ್ಟಾಗಿ ಸ್ವಾಧೀನಕ್ಕೆ ಬಂದವು. ನೀಲಿಯದು ಬೇಕಾದ ದಿನ ಬಳೆ ಮುಟ್ಟುತ್ತಿರಲಿಲ್ಲ. ಗಂಟಲು ಮಾತ್ರ ಮೊದಲಿನಂತಾಗಲಿಲ್ಲ. ಓಣಿಯಲ್ಲಿ ಕೂಗುವುದನ್ನು ಮಮ್ತಾಜಳಿಗೆ ಬಿಟ್ಟಳು.

ಆಗ ಮೋನಮ್ಮ ಬಂದಳು. ಭಾಗಮ್ಮನಿಗೆ ಗಂಡು ಹುಟ್ಟಿತ್ತು, ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಮಸ್ತಾನಬಿ ಅಲ್ಲಾನನ್ನು ನೆನೆದು ಕಣ್ಣೊರೆಸಿಕೊಂಡಳು. ಮೋನಮ್ಮ ತಂದಿದ್ದ ಸೀರೆಯನ್ನು ಅವಳ ಮಡಿಲಿಗಿಟ್ಟು, ಬಾಗಿ ಕಾಲು ಮುಟ್ಟಲು ಬಂದಳು. ಮಸ್ತಾನಬಿ ಕಾಲು ಹಿಂದಕ್ಕೆಳೆದುಕೊಂಡಳು.

"ನನ್ನ ಮಗಳ ಮ್ಯಾಲಿಂದು ನೀ ತಗೊಂಡಿ ಮಸ್ತಾನಕ್ಕ," ಎಂದಳು ಮೋನಮ್ಮ. "ನಮ್ಮ ಅಂಗಳದಾಗ ನಿನ್ನ ಬಳಿ ಎಲ್ಲಾ ಹ್ವಾದ್ವು, ನೀ ಬಿದ್ದಿ. ಅಕಿಗೆ ಬರೋದು ನಿನಗ ಬಂತು. ನಾ ಕಣ್ಣಾರೆ ನೋಡೀನಿ."

ಅದು ಪಂಪು ಬಿಟ್ಟದ್ದರಿಂದ ಆದದ್ದು, ಹೊಗೆಯಿಂದ ಆದದ್ದು ಎಂದು ಮಸ್ತಾನಬಿ ಬಿಡಿಸಿ ಹೇಳಿದಳು. ಮೋನಮ್ಮ ತಲೆಯಾಡಿಸುತ್ತಲೇ ಕೇಳಿದಳು, ದೊಡ್ಡ ಮನಸ್ಸಿನವರು ಹೀಗೇ ಮರೆಮಾಚುತ್ತಾರೆ ಎಂಬಂತೆ. ಸೀರೆಯನ್ನು ಹಿಂದಕ್ಕೆ ಒಯ್ಯಲಿಲ್ಲ.

ಮೋನಮ್ಮನ ಮಾತು ಹಬ್ಬಿ, ಬಂದ್ ಆಗಿದ್ದ ಕರೆಗಳು ಮತ್ತೆ ಶುರುವಾದವು. ಕಕ್ಕೇರಾದ ಸೂಗಮ್ಮ ಎಂಬವಳು ಹೇಳಿಕಳಿಸಿದಳು. ಅವಳ ಮಗಳಿಗೆ ಹಿಂದಿನ ಕೂಸುಗಳು ಉಳಿದಿರಲಿಲ್ಲ, ಈಗ ಮತ್ತೆ ತುಂಬು ತಿಂಗಳು. ಮಸ್ತಾನಬಿ ಆ ದಿನ ಕೆಂಪು ಪಂಪು ಎಳೆದು, ಬಾಯಿ ಮುಕ್ಕಳಿಸಿ, ಸೊಸೆಯ ಜೊತೆ ಹೋದಳು. ಪಡಸಾಲೆಯಲ್ಲಿ ಹಾಡಿಲ್ಲ, ನೆಂಟರಿಲ್ಲ. ತಾಯಿ, ಮಗಳು, ಮುಚ್ಚಿದ ಬಾಗಿಲು. ಮಗಳು ಕೈ ಚಾಚಿದಳು. ಮಸ್ತಾನಬಿ ಒಂದೊಂದೇ ಬಳೆ ಇಳಿಸತೊಡಗಿದಳು. ಸೂಗಮ್ಮ ಮಗಳ ಮುಖವನ್ನಾಗಲಿ ಬಳೆಯನ್ನಾಗಲಿ ನೋಡುತ್ತಿರಲಿಲ್ಲ. ಬಳೆಗಾರ್ತಿಯ ಬೆರಳುಗಳನ್ನೇ ನೋಡುತ್ತಿದ್ದಳು. ಏನನ್ನು ಕಾಯುತ್ತಿದ್ದಾಳೆ ಎಂಬುದು ಮಸ್ತಾನಬಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಉಳಿದ ಬಳೆಗಳನ್ನು ಇನ್ನೂ ಹುಷಾರಾಗಿ ಇಳಿಸಿದಳು.

ಎರಡೂ ಕೈ ತುಂಬಿದವು. ಒಂದು ಬಳೆಯೂ ಹೆಚ್ಚಾಗಲಿಲ್ಲ.

"ನಡಗಲಿಲ್ಲಲ್ಲ ಕೈ," ಎಂದಳು ಸೂಗಮ್ಮ.

"ಔಷಧಕ್ಕ ನಡಗ್ತಿದ್ವು ಯವ್ವಾ. ಈಗ ಆರಾಮ ಆಗ್ಯಾವ. ಮತ್ತೇನೂ ಇಲ್ಲ ಅದರಾಗ."

"ಯಾದಕ್ಕರ ನಡಗ್ಲಿ. ಒಂದರ ಹೋಗ್ಲಿ ನಿನ್ನ ಕೈಯಾಗ. ಆ ಔಷಧನ ತಗೊಂಡು ಬಾ ಬೇಕಾದ್ರ, ನಾವು ಕುಂದ್ರತೀವಿ."

ಮಸ್ತಾನಬಿ ಮಲಾರ ಎತ್ತಿಕೊಂಡಳು. ಓಣಿಯ ತಿರುವಿನವರೆಗೆ ಬಂದಿರಬೇಕು, ಹಿಂದಿನಿಂದ ಮಗಳು ತುಂಬು ಹೊಟ್ಟೆ ಹೊತ್ತು ಓಡುತ್ತ ಬಂದಳು. ಮುಷ್ಟಿ ಬಿಚ್ಚಿದಳು. ಬಾಗಿಲ ಚೌಕಟ್ಟಿಗೆ ತಾನೇ ಕೈ ಬಡಿದುಕೊಂಡು ಬಂದಿದ್ದಳು. ಅಂಗೈಯಲ್ಲಿ ಹಸಿರು ಚೂರು, ಗಾಯ. ಇಪ್ಪತ್ತರ ಆಚೀಚಿನ ಹುಡುಗಿ, ಕಣ್ಣಲ್ಲಿ ಸತ್ತ ಕೂಸುಗಳ ಭಯ. ಮಮ್ತಾಜ ಅತ್ತೆಯ ತೋಳು ಹಿಡಿದು ಎಳೆದಳು. ಮಸ್ತಾನಬಿ ಕೊಸರಿಕೊಂಡು ಆ ಚೂರಿಗೆ ಸೆರಗೊಡ್ಡಿದಳು.

ಹಿಂದಿರುಗುವ ಬಸ್ಸಿನಲ್ಲಿ ಅವಳಿಗೆ ದಮ್ಮು ಹತ್ತಿತು. ನೀಲಿ ಪಂಪು ಒತ್ತಿದಳು. ಇಳಿಯಿತು. ಧೂಳಿಗೆ ಹತ್ತಿದ್ದು ಎಂದು ಮಮ್ತಾಜ ಹೇಳಿದಳು. ಹೌದೆಂದಳು ಮಸ್ತಾನಬಿ.

ಸೂಗಮ್ಮನ ಮಗಳ ಕೂಸು ಉಳಿಯಿತು. ಉಳಿಯದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಸುದ್ದಿ ಕಾಲುವೆಯ ಗುಂಟ ಊರಿಂದ ಊರಿಗೆ ಹರಿಯಿತು. ಕರೆ ಬಂದಲ್ಲಿಗೆಲ್ಲ ಹೋಗಕೂಡದು ಎಂದು ಫಕೀರಸಾಬ ತಾಯಿಯನ್ನು ಗದರಿಸಿದ. ಅವಳು ಹೋಗುವುದನ್ನು ನಿಲ್ಲಿಸಿದಳು. ಮಲಾರವನ್ನು ಗೂಟಕ್ಕೆ ತೂಗುಹಾಕಿದಳು. ಆಮೇಲೆ ಅವರೇ ಬರತೊಡಗಿದರು. ಬಾಗಿಲು ತಟ್ಟುವುದಿಲ್ಲ, ಹೆಸರು ಹೇಳುವುದಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಹೊಸ್ತಿಲ ಹೊರಗೆ ಬಾಳೆಲೆಯಲ್ಲೋ ಹಳೆಯ ಕುಪ್ಪಸದ ತುಂಡಿನಲ್ಲೋ ಕಟ್ಟಿಟ್ಟ ಬಳೆಯ ಚೂರು. ಹಸಿರು, ಕೆಂಪು, ಒಮ್ಮೊಮ್ಮೆ ಕೂಸಿನ ಕೈಯಷ್ಟು ಸಣ್ಣ ಕರಿಬಳೆ. ಯಾವ ಊರಿನ ಯಾವ ಮನೆಯ ಸಂಕಟ ಎಂದು ತಿಳಿಯುವ ಬಗೆಯಿಲ್ಲ. ಮಮ್ತಾಜ ಗೊಣಗಿಕೊಳ್ಳುತ್ತ ಗುಡಿಸಿ ತಿಪ್ಪೆಗೆ ಹಾಕುತ್ತಿದ್ದಳು.

ಆ ವರ್ಷ ಹಿಂಗಾರಿನ ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಮಮ್ತಾಜ ಬಸಿರಾದಳು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಂದ ಬಸಿರು. ವಾಂತಿಯಿಂದ ಸೋತ ಮುಖದಲ್ಲೇ ಒಂದು ಬೆಳಗ್ಗೆ ಅವಳು ಎಂದಿನಂತೆ ಕಸಬರಿಗೆ ಹಿಡಿದು ಹೊಸ್ತಿಲಿನಾಚೆ ಬಾಗಿದ್ದಳು. ಗಂಟು ಬಿಚ್ಚಿಕೊಂಡು ಚೂರುಗಳು ಕಲ್ಲಿನ ಮೇಲೆ ಚೆಲ್ಲಿದ್ದವು.

ಯಾರದೋ ಸಂಕಟದ ಚೂರುಗಳ ಮೇಲೆ ಬಸುರಿ ಸೊಸೆ ಬಾಗಿದ್ದನ್ನು ಮಸ್ತಾನಬಿ ಒಳಗಿನಿಂದ ನೋಡಿದಳು. ಇಂಥದ್ದನ್ನೆಲ್ಲ ನಂಬಬಾರದು ಎಂದು ಅವಳಿಗೆ ಆಗಲೂ ಗೊತ್ತಿತ್ತು. ಎದ್ದು ಹೋಗಿ ಸೊಸೆಯ ಕೈಯಿಂದ ಕಸಬರಿಗೆ ಕಸಿದುಕೊಂಡಳು. ಧೂಳಿಗೆ ನಿಮಗೇ ಆಗುವುದಿಲ್ಲ, ಬಿಡಿ ಎಂದು ಮಮ್ತಾಜ ತಡೆದಳು. ಒಳಗೆ ಹೋಗು, ಬಾಗಿಲು ಹಾಕಿಕೋ ಎಂದಳು ಅತ್ತೆ. ಮಮ್ತಾಜ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲ ಹಿಂದೆ ನಿಂತು, ಕಲ್ಲಿನ ಮೇಲೆ ಗಾಜು ಉಜ್ಜುವ ಸದ್ದನ್ನೂ ಅದರ ನಡುನಡುವೆ ಅತ್ತೆಯ ಕೆಮ್ಮನ್ನೂ ಕೇಳುತ್ತ ಇದ್ದಳು.